ಕಲ್ಲಿಲ್ಲದ ಕಟ್ಟು
(ಬಾನುಲಿ ಭಾಷಣ)

ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೆಂಬುದಿಲ್ಲ. ಪಾಲಾರ್ ಇದೆ, ಪಿನಾಕಿನಿ ಇದೆ. ಮಳೆ ಬಂದಾಗ ನಾಲ್ಕು ದಿನ ಹರಿದು ಆಮೇಲೆ ಮರಳಿನಡಿಗೆ ಇಳಿದುಬಿಡುತ್ತವೆ. ಈ ಕೊರತೆಯನ್ನು ನಮ್ಮ ಹಿರಿಯರು ಕೆರೆ ಕಟ್ಟಿ ತುಂಬಿಕೊಂಡರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ – ಈ ನಾಲ್ಕು ತಾಲ್ಲೂಕುಗಳಲ್ಲಿ ಎತ್ತರದ ಗುಡ್ಡವೊಂದರ ಮೇಲೆ ನಿಂತು ನೋಡಿದರೆ ಒಂದು ಕೆರೆ, ಅದರ ಕೋಡಿಯ ನೀರನ್ನು ಹಿಡಿಯುವ ಇನ್ನೊಂದು ಕೆರೆ, ಅದರ ಕೆಳಗೆ ಮತ್ತೊಂದು, ಹೀಗೆ ಕೆರೆಗಳ ಸಾಲು ಕಾಣುತ್ತದೆ. ಕೆರೆಗೆ ಏರಿ, ಏರಿಯಲ್ಲಿ ತೂಬು, ತೂಬಿನ ಆಚೆ ಕಾಲುವೆ. ಇವೆಲ್ಲದರ ಮೇಲೆ ಕಣ್ಣಿಡಲು ಒಬ್ಬ ನೀರುಗಂಟಿ. ಕಾಲುವೆ ಒಂದೆಡೆ ಕಟ್ಟಿಕೊಂಡರೆ ಅದರ ಕೇಡು ಅಲ್ಲಿಯೇ ಕಾಣುವುದಿಲ್ಲ. ನೀರು ಹಿಂದಕ್ಕೆ ಒತ್ತಿ ಬೇರೆಲ್ಲಿಯೋ ಬದು ಕುಸಿಯುತ್ತದೆ. ಇದನ್ನು ಪ್ರತಿಯೊಬ್ಬ ನೀರುಗಂಟಿಯೂ ಬಲ್ಲ.

ಮನುಷ್ಯನ ದೇಹದಲ್ಲಿಯೂ ಇಂಥದೇ ಒಂದು ವ್ಯವಸ್ಥೆಯಿದೆ. ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬಹುಪಾಲನ್ನು ದೇಹಕ್ಕೇ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಕಳುಹಿಸುತ್ತವೆ. ಆ ಮೂತ್ರವನ್ನು ಕೆಳಗಿನ ಮೂತ್ರಾಶಯಕ್ಕೆ ಒಯ್ಯುವ ಕಾಲುವೆಯೇ ಮೂತ್ರನಾಳ. ಬಲಕ್ಕೊಂದು, ಎಡಕ್ಕೊಂದು, ಉದ್ದ 25ರಿಂದ 30 ಸೆಂಟಿಮೀಟರು, ಒಳಗಿನ ಅಗಲ ಕೆಲವೇ ಮಿಲಿಮೀಟರು. ಈ ನಾಳ ಕಟ್ಟಿಕೊಂಡರೆ ಮೂತ್ರ ಹಿಂದಕ್ಕೆ ಒತ್ತುತ್ತದೆ. ಮೂತ್ರಪಿಂಡ ಉಬ್ಬುತ್ತದೆ, ಅದರ ತಿರುಳು ತೆಳುವಾಗುತ್ತದೆ, ಕೊನೆಗೆ ಅದು ಕೆಲಸ ನಿಲ್ಲಿಸುತ್ತದೆ. ಇಷ್ಟಾದರೂ ಎಷ್ಟೋ ವೇಳೆ ರೋಗಿಗೆ ತಿಳಿಯುವುದಿಲ್ಲ. ಏಕೆಂದರೆ ಇನ್ನೊಂದು ಮೂತ್ರಪಿಂಡ ಅದರ ಹೊರೆಯನ್ನೂ ತಾನೇ ಹೊತ್ತುಕೊಳ್ಳುತ್ತದೆ. ಒಳಗಿನ ಸಾವಿಗೆ ಹೊರಗೆ ಸೂತಕವಿಲ್ಲ.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿಕೊಂಡು ಬಂದವನು. ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ನಮ್ಮೂರ ನೀರುಗಂಟಿಯಿಂದ. 1970ರ ದಶಕದ ಮಾತು, ನಾನಿನ್ನೂ ಹುಡುಗ. ಮುಳಬಾಗಿಲು ತಾಲ್ಲೂಕಿನ ನಮ್ಮ ಊರಿನ ನೀರುಗಂಟಿಗೆ ಬಲಪಕ್ಕೆಯಲ್ಲಿ ನೋವು. ಬಂದು ಹೋಗುವ ನೋವು. ಏಳೆಂಟು ವರ್ಷ ಹಾಗೆಯೇ ನಡೆಯಿತು. ಊರೆಲ್ಲ ಅದನ್ನು ಕಲ್ಲು ಎಂದಿತು, ಅವನೂ ಕಲ್ಲೇ ಎಂದು ನಂಬಿದ. ಬಾಳೆದಿಂಡಿನ ರಸ, ಹುರುಳಿಕಟ್ಟು, ಬಾರ್ಲಿ ನೀರು, ನೆಗ್ಗಿಲು ಮುಳ್ಳಿನ ಕಷಾಯ – ಎಲ್ಲವೂ ಆಯಿತು. ಕೊನೆಗೊಂದು ದಿನ ಚಳಿಜ್ವರ ಹತ್ತಿ, ನಗರದ ಆಸ್ಪತ್ರೆಗೆ ಸೇರಿಸಿದರು. ಎರಡು ತಿಂಗಳು ಬಿಟ್ಟು ಅವನು ಊರಿಗೆ ಬಂದಾಗ ಬೆನ್ನಿನಿಂದ ಹೊಟ್ಟೆಯವರೆಗೆ ಒಂದು ಗೇಣಿಗೂ ಉದ್ದನೆಯ ಗಾಯದ ಗುರುತು. ಒಳಗೆ ಒಂದು ಮೂತ್ರಪಿಂಡ ಇರಲಿಲ್ಲ. ಜಗುಲಿಯಲ್ಲಿ ಕುಳಿತು ನಮ್ಮ ತಂದೆಯವರಿಗೆ ಅವನು ಹೇಳಿದ ಮಾತು ಇಂದಿಗೂ ನೆನಪಿದೆ: “ಕಲ್ಲೇ ಇರ್ಲಿಲ್ವಂತೆ ಮೇಷ್ಟ್ರೇ, ಕಾಲ್ವೆ ಅಡ್ಡದಾರಿ ಹಿಡ್ದಿತ್ತಂತೆ. ರಕ್ತದ ದೊಡ್ಡ ನಾಳದ ಹಿಂದೆ ಹಾದು ಬಂದು ಸಿಕ್ಕಿಕೊಂಡಿತ್ತಂತೆ.” ಆಮೇಲೆ ಅವನಿಂದ ತೂಬು ಎತ್ತಲಾಗಲಿಲ್ಲ. ಕೆರೆಯ ಕೆಲಸವನ್ನು ಮಗನಿಗೆ ಬಿಟ್ಟುಕೊಟ್ಟ.

ಅವನು ಹೇಳಿದ ಆ ಅಡ್ಡದಾರಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ, ಅದಕ್ಕೊಂದು ಚರಿತ್ರೆಯೂ ಇದೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಆ ಚರಿತ್ರೆಯನ್ನೇ ಇಂದು ಹೇಳಬೇಕೆಂದಿದ್ದೇನೆ.

ಊರಿನವರು ಕಲ್ಲು ಎಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಕ್ಕೆನೋವಿಗೆ ಸಾಮಾನ್ಯವಾದ ಕಾರಣಗಳಲ್ಲಿ ಕಲ್ಲೂ ಒಂದು. ಮಾಲೂರಿನ ಇಟ್ಟಿಗೆ, ಹೆಂಚಿನ ಗೂಡುಗಳ ಮುಂದೆ ಬೆವರು ಸುರಿಸುವವರು, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಬೇಸಗೆಯ ಬಿಸಿಲಿನಲ್ಲಿ ಕಾಯಿ ಇಳಿಸುವವರು, ಹಿಪ್ಪುನೇರಳೆ ಸೊಪ್ಪು ಹೊರುವವರು – ಇವರೆಲ್ಲ ಬೆವರಿನಲ್ಲಿ ಕಳೆದುಕೊಳ್ಳುವಷ್ಟು ನೀರನ್ನು ಕುಡಿಯುವುದಿಲ್ಲ. ಮೂತ್ರ ಗಟ್ಟಿಯಾದಷ್ಟೂ ಅದರಲ್ಲಿ ಕರಗಿದ ಲವಣಗಳು ಹರಳುಗಟ್ಟುವುದು ಸುಲಭ. ಆದರೆ ಸಾಮಾನ್ಯವಾದದ್ದು ಯಾವಾಗಲೂ ನಿಜವಾಗಿರಬೇಕಾಗಿಲ್ಲ. ಕಲ್ಲಿನ ಹೆಸರಿನ ಮರೆಯಲ್ಲಿ ಬೇರೆ ಕಾರಣಗಳು ಅಡಗಿ ಕುಳಿತಿರುವುದುಂಟು.

ನಮ್ಮ ಪ್ರಾಚೀನರಿಗೆ ಈ ವಿವೇಕವಿತ್ತು. ಕಲ್ಲಿನ ರೋಗಕ್ಕೆ ಅವರು ಅಶ್ಮರಿ ಎಂದು ಹೆಸರಿಟ್ಟರು. ಮೂತ್ರ ಕಟ್ಟುವುದಕ್ಕೆ ಮೂತ್ರಾಘಾತ ಎಂಬ ಬೇರೆಯ ಹೆಸರನ್ನೇ ಕೊಟ್ಟರು. ಸುಶ್ರುತ ಸಂಹಿತೆಯು ಮೂತ್ರಾಘಾತದಲ್ಲಿ ಹನ್ನೆರಡು ಬಗೆಗಳನ್ನು ಎಣಿಸುತ್ತದೆ. ಕಟ್ಟೆಲ್ಲ ಕಲ್ಲಲ್ಲ ಎಂಬುದು ಆ ವಿಂಗಡಣೆಯಲ್ಲಿಯೇ ಸ್ಪಷ್ಟವಾಗಿದೆ. ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಕ್ರಮವನ್ನೂ ಸುಶ್ರುತನು ವಿವರಿಸಿದ್ದಾನೆ. ಶಸ್ತ್ರವಿಲ್ಲದಿದ್ದರೆ ಸಾವು ನಿಶ್ಚಯ, ಶಸ್ತ್ರವಿಟ್ಟರೆ ಫಲ ಸಂದೇಹ. ಆದ್ದರಿಂದ ದೊರೆಗೆ ತಿಳಿಸಿ ಒಪ್ಪಿಗೆ ಪಡೆದು ಮುಂದುವರಿಯಬೇಕೆಂಬುದು ಅವನ ಎಚ್ಚರಿಕೆಯ ತಾತ್ಪರ್ಯ. ಕನ್ನಡದಲ್ಲಿಯೂ 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ವೈದ್ಯವಿಷಯವನ್ನು ಜನರ ಮಾತಿನಲ್ಲಿ ಹೇಳಬೇಕೆಂಬ ಹಂಬಲ ನಮ್ಮಲ್ಲಿ ಎಂಟುನೂರು ವರ್ಷಗಳಿಗೂ ಹಳೆಯದು. ಆದರೆ ಮೂತ್ರಾಶಯಕ್ಕಿಂತ ಮೇಲೆ, ಬೆನ್ನಿನ ಆಳದಲ್ಲಿ ಅಡಗಿರುವ ಮೂತ್ರನಾಳವನ್ನು ಬದುಕಿರುವ ಮನುಷ್ಯನಲ್ಲಿ ಮುಟ್ಟುವುದು ಅಂದಿನ ಯಾವ ದೇಶದ ವೈದ್ಯರಿಗೂ ಸಾಧ್ಯವಿರಲಿಲ್ಲ.

ನೀರುಗಂಟಿಯ ನಾಳ ಹಿಡಿದ ದಾರಿಯನ್ನು ಮೊದಲು ವರ್ಣಿಸಿದವನು ಫರ್ಡಿನೆಂಡ್ ಹಾಕ್‌ಸ್ಟೆಟರ್ ಎಂಬ ಆಸ್ಟ್ರಿಯದ ಅಂಗರಚನಾಶಾಸ್ತ್ರಜ್ಞ, 1893ರಲ್ಲಿ. ಕಾಲುಗಳಿಂದಲೂ ಹೊಟ್ಟೆಯಿಂದಲೂ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಒಂದು ದೊಡ್ಡ ಸಿರೆಯಿದೆ. ಅದನ್ನು ಅಧೋಮಹಾಸಿರೆ ಎನ್ನೋಣ. ಅದು ಬೆನ್ನುಮೂಳೆಯ ಬಲಕ್ಕೆ ಮೇಲೇರುತ್ತದೆ. ಬಲ ಮೂತ್ರನಾಳವು ಅದರ ಪಕ್ಕದಲ್ಲಿ, ಬಿಡುವಾಗಿ ಕೆಳಗಿಳಿಯಬೇಕು. ಕೆಲವರಲ್ಲಿ ಮಾತ್ರ ಅದು ಸಿರೆಯ ಹಿಂದೆ ನುಸುಳಿ, ಸುತ್ತು ಹಾಕಿಕೊಂಡು ಮುಂದೆ ಬರುತ್ತದೆ. ಸಿರೆಗೂ ಬೆನ್ನಿಗೂ ನಡುವೆ ಅದು ಅದುಮಿಹೋಗುತ್ತದೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ದಾರಿ ತಪ್ಪಿದ್ದು ಮೂತ್ರನಾಳವಲ್ಲ, ಸಿರೆ. ಭ್ರೂಣದಲ್ಲಿ ಈ ಮಹಾಸಿರೆ ಒಂದೇ ಬಾರಿಗೆ ಆಗುವುದಿಲ್ಲ. ಹಲವು ಜೊತೆ ಸಿರೆಗಳು ಹುಟ್ಟುತ್ತವೆ, ಕೆಲವು ಅಳಿಯುತ್ತವೆ, ಉಳಿದವು ಕೂಡಿ ಒಂದಾಗುತ್ತವೆ. ನಾಳದ ಹಿಂದಿರುವ ಸಿರೆ ಉಳಿಯಬೇಕು, ಮುಂದಿರುವುದು ಅಳಿಯಬೇಕು. ಎಲ್ಲಿಯೋ ಒಂದು ಜೀವದಲ್ಲಿ ಅಳಿಯಬೇಕಾದದ್ದು ಉಳಿದುಬಿಡುತ್ತದೆ. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ, ಕಾಲುವೆ ಇದ್ದಲ್ಲಿಯೇ ಇದೆ. ಅದರ ಮೇಲೆ ಯಾರೋ ರಸ್ತೆ ಹಾಕಿದ್ದಾರೆ.

ಶವಪರೀಕ್ಷೆಗಳ ಲೆಕ್ಕದಂತೆ ಇದು ಸುಮಾರು ಸಾವಿರಕ್ಕೊಬ್ಬರಲ್ಲಿ ಕಾಣುವ ದೋಷ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಹುಟ್ಟಿನಿಂದಲೇ ಇದ್ದರೂ ನೋವು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೂವತ್ತು, ನಲವತ್ತರ ವಯಸ್ಸಿನಲ್ಲಿ, ದುಡಿಯುವ ಕಾಲದಲ್ಲಿ. ಸಾವಿರಕ್ಕೊಬ್ಬರು ಎಂದಾಗ ಬಹಳ ಅಪರೂಪವೆನಿಸುತ್ತದೆ. ಆದರೆ 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ ಹದಿನೈದು ಲಕ್ಷಕ್ಕೂ ಮೇಲು. ಆ ಲೆಕ್ಕ ಹಿಡಿದರೆ ಈ ಒಂದು ಜಿಲ್ಲೆಯಲ್ಲಿಯೇ ಸಾವಿರದೈನೂರು ಮಂದಿಯಾದರು. ಅವರಲ್ಲಿ ಎಷ್ಟೋ ಜನಕ್ಕೆ ಜೀವಮಾನವಿಡೀ ತೊಂದರೆಯಾಗದಿರಬಹುದು. ತೊಂದರೆಯಾದವನಿಗೆ ಮಾತ್ರ ಅದು ಅಪರೂಪವಲ್ಲ. ಅವನ ಪಾಲಿಗೆ ಅದು ನೂರಕ್ಕೆ ನೂರು.

ಹಾಕ್‌ಸ್ಟೆಟರನ ಕಾಲದಲ್ಲಿ ಈ ದೋಷ ತಿಳಿಯುತ್ತಿದ್ದುದು ಸತ್ತ ಮೇಲೆ. ಬದುಕಿದ್ದಾಗಲೇ ತಿಳಿಯಬೇಕಾದರೆ ದೇಹದೊಳಗೆ ನೋಡುವ ಕಣ್ಣು ಬೇಕಾಗಿತ್ತು. 1895ರಲ್ಲಿ ರಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದ. ಅದರಲ್ಲಿ ಮೂಳೆ ಕಂಡಿತು, ಮೃದುವಾದ ನಾಳ ಕಾಣಲಿಲ್ಲ. 1906ರಲ್ಲಿ ಫೋಲ್ಕರ್ ಮತ್ತು ಲಿಕ್ಟೆನ್‌ಬರ್ಗ್ ಎಂಬ ಜರ್ಮನ್ ವೈದ್ಯರು ಮೂತ್ರಾಶಯದ ಕಡೆಯಿಂದ ನಾಳದೊಳಕ್ಕೆ ಔಷಧವನ್ನು ಹಾಯಿಸಿ ಅದರ ಚಿತ್ರ ತೆಗೆದರು. 1929ರಲ್ಲಿ ತೋಳಿನ ರಕ್ತನಾಳಕ್ಕೆ ಔಷಧ ಚುಚ್ಚಿ, ಅದು ಮೂತ್ರದೊಡನೆ ಇಳಿಯುವಾಗ ಚಿತ್ರ ತೆಗೆಯುವ ವಿಧಾನ ಬಂತು. ಆಗ ಈ ದೋಷದ ರೂಪ ಕಣ್ಣಿಗೆ ಬಿತ್ತು. ನಾಳವು ಸ್ವಲ್ಪ ದೂರ ಇಳಿದು, ಒಳಕ್ಕೆ ತಿರುಗಿ, ಮೇಲಕ್ಕೆ ಡೊಂಕಾಗುತ್ತದೆ – ಥೇಟು ಮೀನಿನ ಗಾಳದ ಆಕಾರ. ವೈದ್ಯರೂ ಅದನ್ನು ಹಾಗೆಯೇ ಕರೆಯುತ್ತಾರೆ.

1940ರಲ್ಲಿ ಹ್ಯಾರಿಲ್ ಎಂಬ ಅಮೆರಿಕದ ವೈದ್ಯ ಇದನ್ನು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ವರದಿ ಮಾಡಿದ. ಮೂತ್ರಪಿಂಡದಿಂದ ನಾಳ ಹೊರಡುವ ಕಡೆ ಆಲಿಕೆಯಂಥ ಒಂದು ಭಾಗವಿದೆ. ಅಲ್ಲಿ ಕತ್ತರಿಸಿ, ನಾಳವನ್ನು ಸಿರೆಯ ಹಿಂದಿನಿಂದ ಬಿಡಿಸಿ ಮುಂದಕ್ಕೆ ತಂದು, ಮತ್ತೆ ಹೊಲಿದು ಕೂಡಿಸುವುದು ಆ ಕ್ರಮ. 1949ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಆ್ಯಂಡರ್ಸನ್ ಮತ್ತು ಹೈನ್ಸ್ ಎಂಬಿಬ್ಬರು ಇಂಥದೇ ಒಬ್ಬ ರೋಗಿಗೆ ಇನ್ನೊಂದು ಬಗೆಯ ಜೋಡಣೆ ಮಾಡಿದರು. ಇಂದು ಆಲಿಕೆಯೂ ನಾಳವೂ ಸೇರುವಲ್ಲಿ ಹುಟ್ಟುವ ಕಟ್ಟಿಗೆ, ಅಪರೂಪವೇನಲ್ಲದ ಆ ಕಟ್ಟಿಗೆ, ಜಗತ್ತಿನಾದ್ಯಂತ ಮಾಡುವ ಚಿಕಿತ್ಸೆ ಅವರ ಹೆಸರಿನದೇ. ಅಪರೂಪದ ರೋಗಿಯೊಬ್ಬನಿಗಾಗಿ ಯೋಚಿಸಿದ ಹೊಲಿಗೆ ಸಾವಿರಾರು ಸಾಮಾನ್ಯ ರೋಗಿಗಳನ್ನು ಉಳಿಸಿತು. ವಿರಳ ರೋಗಗಳನ್ನು ಕುರಿತು ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಮೂತ್ರನಾಳವನ್ನು ಹೊರಗಿನಿಂದ ಅದುಮುವ ಅಪರೂಪದ ಕಾರಣ ಇದೊಂದೇ ಅಲ್ಲ. ಬೆನ್ನಿನ ಒಳಮೈಯಲ್ಲಿ ನಾರಿನಂಥ ಅಂಗಾಂಶ ಗಟ್ಟಿಯಾಗಿ ಬೆಳೆದು ಎರಡೂ ನಾಳಗಳನ್ನು ಬಿಗಿದುಬಿಡುವ ಒಂದು ರೋಗವಿದೆ. ಅದನ್ನು 1905ರಲ್ಲಿ ಅಲ್ಬರಾನ್, 1948ರಲ್ಲಿ ಆರ್ಮಂಡ್ ವರ್ಣಿಸಿದರು. ಗರ್ಭಕೋಶದ ಒಳಪೊರೆ ಇರಬಾರದ ಕಡೆ ಬೆಳೆದು ಹೆಂಗಸರ ನಾಳವನ್ನು ಅದುಮುವುದುಂಟು. ನಾಳದ ಒಳಗೇ ನಿರಪಾಯಕಾರಿಯಾದ ಸಣ್ಣ ಗಂಟು ಬೆಳೆಯುವುದೂ ಉಂಟು. ಇವೆಲ್ಲವುಗಳಿಗೆ ಪಕ್ಕೆನೋವೊಂದೇ ಭಾಷೆ. ಆ ಭಾಷೆಗೆ ನಾವು ಕೊಡುವ ಅರ್ಥವೂ ಒಂದೇ – ಕಲ್ಲು.

ಕಾರಣ ತಿಳಿಯಿತು, ಚಿಕಿತ್ಸೆಯೂ ಸಿಕ್ಕಿತು. ಆದರೆ ಆ ಚಿಕಿತ್ಸೆಯ ದಾರಿ ಬಲು ಕಠೋರವಾಗಿತ್ತು. ಬೆರಳಿನ ಗಾತ್ರವೂ ಇಲ್ಲದ ನಾಳವನ್ನು ಮುಟ್ಟಲು ಪಕ್ಕೆಯ ಮೂರು ಪದರ ಮಾಂಸಖಂಡಗಳನ್ನು ಕೊಯ್ಯಬೇಕು. ಕೆಲವೊಮ್ಮೆ ಪಕ್ಕೆಲುಬಿನ ತುಂಡನ್ನೂ ತೆಗೆಯಬೇಕು. ಗಾಯ ಮಾಯುವುದಕ್ಕೆ ವಾರಗಳು, ಭಾರ ಎತ್ತುವುದಕ್ಕೆ ತಿಂಗಳುಗಳು. ಸಂಬಳದ ರಜೆ ಇದ್ದವನು ತಡೆದುಕೊಂಡಾನು. ಕೂಲಿಯವನು ಏನು ಮಾಡಬೇಕು? ಆದ್ದರಿಂದಲೇ ಅವನು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಿದ್ದ. ಮುಂದೂಡಿದಷ್ಟೂ ಮೂತ್ರಪಿಂಡ ಸಾಯುತ್ತಿತ್ತು.

ಈ ದಾರಿಯನ್ನು ಮೆದುವಾಗಿಸಿದ್ದು ರಂಧ್ರದ ಮೂಲಕ ನೋಡುವ ವಿದ್ಯೆ. 1879ರಲ್ಲಿ ಮ್ಯಾಕ್ಸ್ ನಿಟ್ಸೆ ಎಂಬ ಜರ್ಮನ್ ವೈದ್ಯ ಮೂತ್ರಾಶಯದೊಳಗೆ ನೋಡುವ ದೀಪವುಳ್ಳ ನಳಿಕೆಯನ್ನು ವಿಯೆನ್ನದಲ್ಲಿ ತೋರಿಸಿದ. ಅದರ ದೀಪ ಕಾದು ಬೆಳಗುವ ಪ್ಲಾಟಿನಂ ತಂತಿ. ಸುಡದಂತೆ ಸುತ್ತಲೂ ನೀರು ಹರಿಸಬೇಕಾಗಿತ್ತು. 1901ರಲ್ಲಿ ಕೆಲಿಂಗ್ ನಾಯಿಯೊಂದರ ಉದರಕ್ಕೆ ಗಾಳಿ ತುಂಬಿ ಒಳಗೆ ನೋಡಿದ. ಅದರ ಮರುವರ್ಷ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ನಮ್ಮ ಕೋಲಾರದ ಚಿನ್ನದ ಗಣಿಗೆ ಬಂತು. ಕಿರಿದಾದ ಬಾಯಿಯಿಂದ ಆಳದ ಕತ್ತಲೆಗೆ ಬೆಳಕು ಒಯ್ಯುವ ಪ್ರಯತ್ನ ಅಲ್ಲಿಯೂ ನಡೆದಿತ್ತು, ಇಲ್ಲಿಯೂ ನಡೆದಿತ್ತು. 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸ್ ಮನುಷ್ಯರ ಉದರವನ್ನು ಹೀಗೆ ನೋಡಿದ ವರದಿಯನ್ನು ಪ್ರಕಟಿಸಿದ. 1954ರಲ್ಲಿ ಲಂಡನ್ನಿನ ಹಾಪ್ಕಿನ್ಸ್ ಮತ್ತು ಅವನ ಶಿಷ್ಯ, ಪಂಜಾಬಿನ ನರಿಂದರ್ ಸಿಂಗ್ ಕಪಾನಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ಸುಡುವ ದೀಪವನ್ನು ಹೊರಗಿಟ್ಟು ತಂಪಾದ ಬೆಳಕನ್ನಷ್ಟೇ ಒಳಕ್ಕೆ ಕಳುಹಿಸುವುದು ಮುಂದೆ ಇದರಿಂದ ಸಾಧ್ಯವಾಯಿತು.

ನೋಡುವುದು ಬೇರೆ, ಕೆಲಸ ಮಾಡುವುದು ಬೇರೆ. 1985ರಲ್ಲಿ ಜರ್ಮನಿಯ ಮ್ಯೂಹೆ ಇಂಥ ರಂಧ್ರಗಳ ಮೂಲಕವೇ ಪಿತ್ತಕೋಶವನ್ನು ತೆಗೆದ. 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯ ಅವರು ಆ ಶಸ್ತ್ರಕ್ರಿಯೆಯನ್ನು ಭಾರತದಲ್ಲಿ ಮೊದಲ ಬಾರಿಗೆ ಮಾಡಿದರು. ಅದೇ ವರ್ಷ ಅಮೆರಿಕದಲ್ಲಿ ಕ್ಲೇಮನ್ ಈ ಮಾರ್ಗದಿಂದ ಮೂತ್ರಪಿಂಡವೊಂದನ್ನು ಹೊರತೆಗೆದ.

ಆದರೂ ಒಂದು ತೊಡಕು ಉಳಿದಿತ್ತು. ಉದರವೆಂಬುದು ಒಂದು ಚೀಲ; ಅದಕ್ಕೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿದರೆ ಕೆಲಸಕ್ಕೆ ಸ್ಥಳವಾಗುತ್ತದೆ. ಮೂತ್ರಪಿಂಡವೂ ನಾಳವೂ ಇರುವುದು ಆ ಚೀಲದ ಹಿಂದೆ, ಕೊಬ್ಬು ಮತ್ತು ನಾರಿನ ನಡುವೆ. ಅಲ್ಲಿ ಗಾಳಿ ತುಂಬಿದರೂ ಬೇಕಾದ ಅವಕಾಶವಾಗುತ್ತಿರಲಿಲ್ಲ. ಇದಕ್ಕೆ ಉಪಾಯ ಹುಡುಕಿದವರು ಮುಂಬಯಿಯ ಡಾ. ಡಿ. ಡಿ. ಗೌರ್. ಶಸ್ತ್ರವೈದ್ಯರು ತೊಡುವ ರಬ್ಬರಿನ ಕೈಗವಸು, ಒಂದು ರಬ್ಬರ್ ನಳಿಕೆ, ರಕ್ತದೊತ್ತಡ ಅಳೆಯುವ ಉಪಕರಣದ ಗಾಳಿಬುರುಡೆ – ಇಷ್ಟೇ ಸಾಮಗ್ರಿ. ಬೆನ್ನಿನ ಸಣ್ಣ ರಂಧ್ರದಿಂದ ಗವಸಿನ ಬುಗ್ಗೆಯನ್ನು ಒಳಕ್ಕೆ ಇಳಿಸಿ ಊದಿದರು. ಅದು ಉಬ್ಬುತ್ತ ಉಬ್ಬುತ್ತ ಅಂಗಾಂಶಗಳನ್ನು ಮೆಲ್ಲನೆ ಬದಿಗೆ ಸರಿಸಿ ಜಾಗ ಮಾಡಿತು. 1992ರಲ್ಲಿ ಅವರು ಇದನ್ನು ಪ್ರಕಟಿಸಿದರು. ಜಗತ್ತಿನ ಮೂತ್ರಾಂಗ ಶಸ್ತ್ರವೈದ್ಯರು ಇದನ್ನು ಸ್ವೀಕರಿಸಿದರು. ಯಾವುದೇ ಸಾಮಾನ್ಯ ಆಸ್ಪತ್ರೆಯ ಕಪಾಟಿನಲ್ಲಿ ಸಿಗುವ ವಸ್ತುಗಳಿಂದ ಹುಟ್ಟಿದ ಈ ಉಪಾಯವನ್ನು ನೆನೆದಾಗ ನನಗೆ ಹೆಮ್ಮೆಯೆನಿಸುತ್ತದೆ.

1992ರಲ್ಲಿಯೇ ಅಮೆರಿಕದ ಕವೂಸಿ ಮತ್ತು ಸಂಗಡಿಗರು ನಾರುಗಟ್ಟಿದ ಮೂತ್ರನಾಳವನ್ನು ರಂಧ್ರಗಳ ಮೂಲಕ ಬಿಡಿಸಿದುದನ್ನು ವರದಿ ಮಾಡಿದರು. 1994ರಲ್ಲಿ ಜಪಾನಿನ ಬಾಬಾ ಮತ್ತು ಸಂಗಡಿಗರು ಸಿರೆಯ ಹಿಂದೆ ಸಿಕ್ಕಿಕೊಂಡ ನಾಳವನ್ನು ಹೀಗೆಯೇ ಮುಂದಕ್ಕೆ ತಂದು ಹೊಲಿದರು. ಹಾಕ್‌ಸ್ಟೆಟರ್ ವರ್ಣಿಸಿದ 1893ರಿಂದ ಎಣಿಸಿದರೆ ನೂರೊಂದು ವರ್ಷ. ನಮ್ಮ ನೀರುಗಂಟಿ ಬಾಳಿದ್ದು ಈ ನೂರೊಂದು ವರ್ಷದ ನಡುವಿನಲ್ಲಿ.

ಈಗಿನ ಕ್ರಮವನ್ನು ಸ್ಥೂಲವಾಗಿ ಹೇಳುವುದಾದರೆ, ಮೂರೋ ನಾಲ್ಕೋ ರಂಧ್ರಗಳು. ಒಂದೊಂದೂ ಅರ್ಧದಿಂದ ಒಂದು ಸೆಂಟಿಮೀಟರು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಕತ್ತರಿ, ಚಿಮುಟ, ಸೂಜಿ ಹಿಡಿಯುವ ಉಪಕರಣ. ನಾಳವನ್ನು ಬಿಡಿಸಿ, ಕತ್ತರಿಸಿ, ಸಿರೆಯ ಮುಂದಕ್ಕೆ ತಂದು, ಕೂದಲೆಳೆಯಂಥ ದಾರದಿಂದ ಸೋರದಂತೆ ಹೊಲಿಯುತ್ತಾರೆ. ಹೊಲಿಗೆ ಮಾಯುವವರೆಗೆ ನಾಳದೊಳಗೆ ಎರಡು ತುದಿಯೂ ಸುರುಳಿಯಾಗಿರುವ ಮೆದುವಾದ ನಳಿಕೆಯನ್ನು ಇರಿಸುತ್ತಾರೆ. ಡಬಲ್-ಜೆ ಸ್ಟೆಂಟ್ ಎಂಬ ಈ ನಳಿಕೆ 1978ರಲ್ಲಿ ಬಳಕೆಗೆ ಬಂದದ್ದು. ಕೆಲವು ವಾರಗಳ ನಂತರ ಅದನ್ನು ಮರೆಯದೆ ತೆಗೆಸಬೇಕು. ರೋಗಿ ಕೆಲವೇ ದಿನಗಳಲ್ಲಿ ಮನೆ ಸೇರುತ್ತಾನೆ. ಹೊಟ್ಟೆ ಕೊಯ್ದು ಮಾಡುವ ಶಸ್ತ್ರಕ್ರಿಯೆ ಈಗಲೂ ಬೇಕಾಗುವುದುಂಟು. ನಾರುಗಟ್ಟುವ ರೋಗಕ್ಕೆ ಮೊದಲು ಔಷಧಿಯನ್ನೇ ಕೊಡುವುದುಂಟು. ಕಟ್ಟಿಲ್ಲದ, ನೋವಿಲ್ಲದ ಅಡ್ಡದಾರಿಯನ್ನು ಸುಮ್ಮನೆ ಗಮನಿಸುತ್ತಿದ್ದರೂ ಸಾಕು. ಆದರೆ ಸತ್ತ ಮೂತ್ರಪಿಂಡವನ್ನು ಯಾವ ರಂಧ್ರದಿಂದ ಹೋದರೂ ಬದುಕಿಸಲಾಗದು. ಆ ಮಟ್ಟಿಗೆ ಸುಶ್ರುತನ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ.

ನಮ್ಮ ಸೀಮೆಗೆ ವೈದ್ಯದ ಅಭಾವವಿದೆ ಎನ್ನುವಂತಿಲ್ಲ. ಮೆಥೋಡಿಸ್ಟ್ ಮಿಷನ್ನಿನವರ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಕೋಲಾರದ ಹಳಬರೆಲ್ಲ ಬಲ್ಲರು. ಶ್ರೀ ನರಸಿಂಹರಾಜ ಆಸ್ಪತ್ರೆ ಜಿಲ್ಲಾ ಆಸ್ಪತ್ರೆಯಾಗಿದೆ. 1986ರಲ್ಲಿ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಆರಂಭವಾಯಿತು. ಅದರ ಆಸ್ಪತ್ರೆ ಆರ್. ಎಲ್. ಜಾಲಪ್ಪನವರ ಹೆಸರಿನಲ್ಲಿದೆ. ಬೆಂಗಳೂರಿನಲ್ಲಿ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಾಂಗಗಳ ರೋಗಕ್ಕೆಂದೇ ಸರಕಾರದ ಪ್ರತ್ಯೇಕ ಸಂಸ್ಥೆಯಿದೆ. ನೋವಿಲ್ಲದೆ, ಕೊಯ್ಯದೆ, ಧ್ವನಿತರಂಗಗಳಿಂದ ಮೂತ್ರಪಿಂಡದ ಊತವನ್ನು ತೋರಿಸುವ ಅಲ್ಟ್ರಾಸೌಂಡ್ ಯಂತ್ರ ತಾಲ್ಲೂಕು ಪಟ್ಟಣಗಳಿಗೂ ಬಂದಿದೆ.

ಹಾಗಾದರೆ ಕೊರತೆ ಎಲ್ಲಿದೆ? ಕೇಳುವುದರಲ್ಲಿದೆ. ಪಕ್ಕೆನೋವು ಒಂದೇ ಕಡೆ ಮರಳಿ ಮರಳಿ ಬಂದರೆ, ಕಲ್ಲು ಇದೆಯೇ ಎಂದು ಕೇಳಿ ಸುಮ್ಮನಾಗಬಾರದು. ಮೂತ್ರಪಿಂಡ ಉಬ್ಬಿದೆಯೇ, ಉಬ್ಬಿದ್ದರೆ ಏಕೆ ಉಬ್ಬಿದೆ ಎಂದು ಕೇಳಬೇಕು. ಕಲ್ಲು ಕಾಣಲಿಲ್ಲವೆಂದರೆ ಕಾಯಿಲೆಯಿಲ್ಲವೆಂದು ಅರ್ಥವಲ್ಲ. ಹುಡುಕಾಟ ಅಲ್ಲಿಂದಲೇ ಮೊದಲಾಗಬೇಕು. ಬಾಳೆದಿಂಡೂ ಹುರುಳಿಕಟ್ಟೂ ಒಳ್ಳೆಯ ಆಹಾರವೇ. ಆದರೆ ಸಿರೆಯ ಹಿಂದೆ ಸಿಕ್ಕಿದ ನಾಳವನ್ನು ಅವು ಬಿಡಿಸಲಾರವು.

ನಮ್ಮೂರ ನೀರುಗಂಟಿ ಒಂದೇ ಮೂತ್ರಪಿಂಡದಿಂದ ಇನ್ನೂ ಬಹಳ ವರ್ಷ ಬದುಕಿದ್ದ. ತೂಬಿನ ಕೆಲಸ ಬಿಟ್ಟ ಮೇಲೂ ಸಂಜೆ ಹೊತ್ತು ಏರಿಯ ಮೇಲೆ ನಡೆದು ಬರುವುದನ್ನು ಬಿಟ್ಟಿರಲಿಲ್ಲ. ಗದ್ದೆಗೆ ನೀರು ಬರಲಿಲ್ಲವೆಂದು ಯಾರಾದರೂ ದೂರಿದರೆ ಮೊದಲು ತೂಬು ನೋಡುತ್ತಿದ್ದ, ಆಮೇಲೆ ಕಾಲುವೆಯುದ್ದಕ್ಕೂ ನಡೆದು ನೋಡುತ್ತಿದ್ದ; ಕಟ್ಟು ಸಿಕ್ಕುವವರೆಗೆ ಮನೆಗೆ ತಿರುಗುತ್ತಿರಲಿಲ್ಲ. ಅವನ ಪಕ್ಕೆನೋವನ್ನು ಹಾಗೆ ಕೊನೆಯವರೆಗೂ ನಡೆದು ನೋಡುವವರು ಸಕಾಲದಲ್ಲಿ ಸಿಗಲಿಲ್ಲ. ಇಂದು ಅಂಥವರಿದ್ದಾರೆ, ಅವರ ಕೈಯಲ್ಲಿ ಬೆಳಕೂ ಇದೆ. ನಾವು ಅವರ ಬಾಗಿಲಿಗೆ ತಡಮಾಡದೆ ಹೋಗಬೇಕು, ಅಷ್ಟೆ.